ಎಡಗಡೆಯ ನಳಿಗೆ

ಬಂದೂಕನ್ನು ಡಿಕ್ಕಿಯಲ್ಲಿ ಮಲಗಿಸಿ ಮುಚ್ಚಿದ ಮೇಲೆ ಸುನೀಲಕುಮಾರನಿಗೆ ಸಮಾಧಾನವಾಗಲಿಲ್ಲ. ಮತ್ತೆ ತೆಗೆದು ಹಿಂದಿನ ಸೀಟಿನ ಮೇಲಿಟ್ಟ. ಅಲ್ಲಿಟ್ಟರೆ ಹೊರಗಿನವರಿಗೆ ಕಾಣುತ್ತದೆ. ಕಾಣಲಿ ಎಂದೇ ಇಟ್ಟದ್ದು ಎಂದು ತನಗೇ ಹೊಳೆದಾಗ ಕಿವಿ ಬಿಸಿಯಾದವು, ಆದರೂ ಅಲ್ಲಿಂದ ತೆಗೆಯಲಿಲ್ಲ. ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ್ದರೂ ನಳಿಗೆಯ ತುದಿ ಬೇಕೆಂದೇ ಬಿಟ್ಟ ಹಾಗೆ ಸೆರಗಿನಿಂದ ಹೊರಗೆ ಇಣುಕುತ್ತಿತ್ತು. ಎದುರು ಮನೆಯ ವಿಮಾ ಕಚೇರಿಯವರು ಕಾರು ತೊಳೆಯುತ್ತಿದ್ದರು. ನವನಗರದಲ್ಲಿ ಭಾನುವಾರ ಬೆಳಿಗ್ಗೆ ಗಂಡಸರೆಲ್ಲ ಕಾರು ತೊಳೆಯುತ್ತಾರೆ. ಶಿಕಾರಿಗೆ ಹೊರಟಿರೇನು ಎಂದು ಅವರು ಕೇಳಲಿ, ತಾನು ನಕ್ಕು ಇಲ್ಲರಿ, ಸುಮ್ಮನೆ ಗೆಳೆಯರ ಕೂಡ ಎನ್ನಬೇಕು ಎಂದು ಅವನು ಕನ್ನಡಿ ಒರೆಸುವ ನೆವದಲ್ಲಿ ಕಾದ. ಅವರು ಪೈಪು ಎತ್ತಿ ಹಿಡಿದು, ‘ಸರ, ನಿಮ್ಮಲ್ಲಿ ನೀರ ಬಂದಾವೇನ್ರಿ?’ ಎಂದರು. ಬಂದಿವೆ ಎಂದ. ಇಷ್ಟು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿಯೂ ಜನ ತನ್ನನ್ನು ಕೇಳುವುದು ನೀರು ಬಂತೇ, ಕರೆಂಟು ಹೋಯಿತೇ ಎಂದಷ್ಟೇ.

ಅವ್ವ ಗುರುಲಿಂಗವ್ವ ಹೊಸ್ತಿಲ ಬಳಿ ನಿಂತಿದ್ದಳು. ‘ಬೇವೂರಾಗ ಗಾಡಿ ನಿಂದ್ರಸು. ಅಹ್ಮದಣ್ಣ ಬಸ್‌ಸ್ಟ್ಯಾಂಡಿನ್ಯಾಗ ಕುಂತಿರ್ತಾನ.’

‘ಅವಗ ಯಾರ ಹೇಳಿದ್ರು?’

‘ನಾ ಹೇಳಿದ್ನಿ, ಫೋನಿನ್ಯಾಗ.’

‘ಯಾಕ ಹೇಳಿದೆವ್ವಾ? ಅಲ್ಲಿ ದೊಡ್ಡ ದೊಡ್ಡ ಮಂದಿ ಬರಾವ್ರು.’

‘ಬಂದೂಕ ಮನಿ ಬಿಟ್ಟು ಹೊಂಟೈತಿ. ಅವಗ ಹೇಳಬ್ಯಾಡೇನು?’ ಎಂದಳು ಅವ್ವ. ಅವಳ ಪ್ರಕಾರ ಮಾತು ಅಲ್ಲಿಗೆ ಮುಗಿದಿತ್ತು. ಅವನು ಕಾರಿನ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿಕೊಂಡ.

ಇಳಕಲ್ಲಿನ ಆಚೆ, ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯಲ್ಲಿ ಇವತ್ತು ಅನಿಲಕುಮಾರ ಕೂಟ ಕರೆದಿದ್ದ. ಕ್ವಾರಿಗಳ ಮಾಲೀಕ. ಮಗಳ ಕಾಲೇಜು ಪ್ರವೇಶದ ವಿಷಯ ಮಾತಾಡಲು ಮನೆಗೆ ಬಂದವನು ಗೋಡೆಯ ಮೇಲಿನ ಬಂದೂಕು ನೋಡಿ ಪ್ರವೇಶದ ಮಾತೇ ಮರೆತು ನಿಂತುಬಿಟ್ಟಿದ್ದ. ಜೋಡಿ ನಳಿಗೆ, ಮೇಲೆ ತೋಟಾಕ್ಕೆ ಬಡಿಯುವ ಎರಡು ಕುದುರೆ, ಅಕ್ರೋಟ ಮರದ ಹಿಡಿ, ಪಕ್ಕದಲ್ಲಿ ಕೊರೆದ ಎಲೆ ಬಳ್ಳಿ. ‘ವಿಲಾಯತಿ ಮಾಲು ಇದು, ಸರ. ಈಗ ಕೋಟಿ ಕೊಟ್ರೂ ಇಂಥಾದ್ದು ಹುಟ್ಟಂಗಿಲ್ಲ. ಇಂಥಾದ್ದು ಇದ್ದಾವ್ರು ನಮ್ಮ ಕೂಡ ಇರಬೇಕ್ರಿ’ ಎಂದಿದ್ದ. ಹಳೆಯ ಜೋಡಿ ನಳಿಗೆಯ ಬಂದೂಕು ಇರುವ ನಾಲ್ಕೈದು ಮಂದಿ ಅವರು, ತಿಂಗಳಿಗೊಮ್ಮೆ ಸೇರಿ ಮಣ್ಣಿನ ಬಿಲ್ಲೆಗಳನ್ನು ಗಾಳಿಗೆ ಹಾರಿಸಿ ಹೊಡೆಯುತ್ತಾರೆ, ಹೊಸ ಬಂದೂಕುಗಳನ್ನು ಬೈಯುತ್ತಾರೆ, ಊಟ ಮಾಡುತ್ತಾರೆ. ನಮ್ಮ ಕೂಡ ಇರಬೇಕ್ರಿ. ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರ ಮಗ ಇವನನ್ನು ಇನ್ನೂ ‘ಎಕನಾಮಿಕ್ಸ್’ ಎಂದು ಕರೆಯುತ್ತಾನೆ, ಏ ಎಕನಾಮಿಕ್ಸ್, ಇಲ್ಲಿ ಬರ್ರಿ ಎಂದು. ಹಾಗೆ ಕರೆಸಿಕೊಳ್ಳುವವನಿಗೆ ಒಬ್ಬ ದೊಡ್ಡ ಮನುಷ್ಯ ನೀವು ನಮ್ಮವರು ಎಂದು ಹೇಳಿದರೆ ಅದನ್ನು ಯಾರ ಜೊತೆಗಾದರೂ ಹಂಚಿಕೊಳ್ಳಬೇಕು ಎನಿಸುತ್ತದೆಯೇ? ಇವತ್ತೊಂದು ದಿನ ಬಂದೂಕು ತನ್ನದು, ತನ್ನೊಬ್ಬನದೇ ಆಗಿರಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಆದರೆ ಬಂದೂಕು ಅವನೊಬ್ಬನದಲ್ಲ. ಅವನ ಊರಾದ ಬೇವೂರಿನಲ್ಲಿ ಅದು ಎಲ್ಲರಿಗೂ ಗೊತ್ತು. ಅವನ ಅಜ್ಜ ಮತ್ತು ಅಹ್ಮದಸಾಬನ ಅಪ್ಪ ಇಬ್ಬರ ಹೊಲಗಳೂ ಹಳ್ಳದ ದಂಡೆಗೆ ಒಂದಕ್ಕೊಂದು ಹತ್ತಿಕೊಂಡಿದ್ದವು, ಹಂದಿಗಳು ಇಬ್ಬರ ಜೋಳವನ್ನೂ ತುಳಿಯುತ್ತಿದ್ದವು. ಸಂಸ್ಥಾನ ಮುಗಿದು ಯಾವನೋ ಕಾರಭಾರಿ ಮನೆಯ ಸಾಮಾನು ಮಾರಾಟಕ್ಕೆ ಬಂದಾಗ ಇಬ್ಬರೂ ಕೂಡಿ ಈ ಬಂದೂಕು ತಂದರು. ಪರವಾನಿಗೆ ಒಬ್ಬರ ಹೆಸರಿಗೇ ಸಿಗುವುದು, ಅಜ್ಜನ ಹೆಸರಿಗೆ ಆಯಿತು. ಮುಂದೆ ಜಗಳ ಬೇಡವೆಂದು ಊರ ಹಿರಿಯರ ಮುಂದೆ ಮಾತಾಯಿತು: ಬಲ ನಳಿಗೆ ಇವರ ಮನೆಯದು, ಎಡ ನಳಿಗೆ ಅವರ ಮನೆಯದು. ಬಂದೂಕು ಯಾರ ಕೈಯಲ್ಲೇ ಇರಲಿ, ಬಲ ನಳಿಗೆಯಿಂದ ಬಿದ್ದದ್ದು ಇವರ ಲೆಕ್ಕ, ಎಡದಿಂದ ಬಿದ್ದದ್ದು ಅವರ ಲೆಕ್ಕ. ಹೊಡೆದ ಮೇಲೆ ಅವರವರ ನಳಿಗೆ ಅವರವರೇ ತೊಳೆಯಬೇಕು, ಒಬ್ಬರದನ್ನು ಇನ್ನೊಬ್ಬರು ಕೇಳದೆ ಮುಟ್ಟುವ ಹಾಗಿಲ್ಲ. ಬಿದ್ದ ಹಂದಿಯನ್ನು ಇವರೂ ತಿನ್ನುವವರಲ್ಲ, ಅವರಂತೂ ಮೊದಲೇ ಮುಟ್ಟುವವರಲ್ಲ. ಊರ ಹೊರಗಿನವರು ಬಂದು ಹೊತ್ತೊಯ್ಯುತ್ತಿದ್ದರು. ಆದರೂ ಅದು ಯಾರ ಹಂದಿ ಎಂಬ ಬಗ್ಗೆ ಅಪ್ಪ ಶಂಕ್ರಪ್ಪನಿಗೂ ಅಹ್ಮದಸಾಬನಿಗೂ ಬೆಳತನಕ ವಾದ ನಡೆಯುತ್ತಿತ್ತು. ‘ಹತ್ತರ ಬಂದದ್ದು ನಿಂದು, ದೂರ ಓಡಿ ಹೋಗೂದು ನಂದು’ ಎನ್ನುತ್ತಿದ್ದ ಅಹ್ಮದಸಾಬ. ಎಡ ನಳಿಗೆಯ ಬಾಯಿ ಬಿಗಿ, ಅದರ ಸೀಸದ ಚರೆ ದೂರದವರೆಗೆ ಚದುರುತ್ತಿರಲಿಲ್ಲ. ಬೆಳಿಗ್ಗೆ ಕಟ್ಟೆಯ ಮೇಲೆ ಅವ್ವ ಎರಡು ತಂಬಿಗೆ ಕುದಿನೀರು ತಂದಿಡುತ್ತಿದ್ದಳು. ಒಂದನ್ನು ಅಪ್ಪ ತನ್ನ ನಳಿಗೆಗೆ ಸುರಿಯುತ್ತಿದ್ದ, ಇನ್ನೊಂದನ್ನು ಅಹ್ಮದಸಾಬ. ಮದ್ದಿನ ಮಸಿ ಕಪ್ಪಗೆ ಇಳಿದು ಕಟ್ಟೆಯ ಕಲ್ಲು ಹೊಲಸಾಗುತ್ತಿತ್ತು. ನಳಿಗೆ ಒರೆಸುವ ಅಪ್ಪನ ಗಜಕ್ಕೆ ಹಳೆಯ ಧೋತರದ ಚೂರು, ಅಹ್ಮದಸಾಬನ ಗಜಕ್ಕೆ ಅವನ ಹೆಂಡತಿ ಲಾಡಬಿಯ ಓಢಣಿಯ ಚೂರು. ಕೊನೆಗೆ ಇಬ್ಬರೂ ಬಂದೂಕನ್ನು ನಡುವಿನ ಕೀಲಿನಲ್ಲಿ ಮುರಿದು ಸೂರ್ಯನ ಕಡೆ ಹಿಡಿದು ಒಂದೊಂದು ಕಣ್ಣಿನಿಂದ ನೋಡುತ್ತಿದ್ದರು.

ಬೇವೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಹ್ಮದಸಾಬ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಗಡ್ಡಕ್ಕೆ ಮದರಂಗಿ ಹಚ್ಚಿಕೊಂಡು ಕೂತಿದ್ದ. ತೊಡೆಯ ಮೇಲೆ ಉದ್ದನೆಯ ಬಟ್ಟೆಯ ಚೀಲ. ಕಾರು ಕಂಡೊಡನೆ ಎದ್ದ, ಆದರೆ ಮುಂದಿನ ಬಾಗಿಲಿಗೆ ಬರಲಿಲ್ಲ. ಹಿಂದಿನ ಬಾಗಿಲು ತೆಗೆದು ಬಂದೂಕಿನ ಪಕ್ಕ ಕೂತು, ನಿದ್ದೆ ಮಾಡುವ ಕೂಸಿನ ಮೇಲೆ ಇಡುವ ಹಾಗೆ ಅದರ ಮೇಲೆ ಕೈಯಿಟ್ಟ.

‘ಮುಂದ ಬಾ ಕಾಕಾ.’

‘ಇರ್ಲಿ ಬಿಡು. ಇಲ್ಲೇ ಆರಾಮ ಐತಿ.’

ಅಮೀನಗಡದವರೆಗೂ ಸುನೀಲಕುಮಾರ ಡ್ರೈವರನ ಹಾಗೆ ಗಾಡಿ ನಡೆಸಿದ. ಕನ್ನಡಿಯಲ್ಲಿ ಮುದುಕನ ಮುಖ ಕಾಣುತ್ತಿತ್ತು. ಕನ್ನಡಿ ತಿರುಗಿಸಿದ, ಹಿಂದಿನ ಲಾರಿ ಕಾಣದಾಯಿತು, ಮತ್ತೆ ಮೊದಲಿನ ಹಾಗೆ ಮಾಡಿಕೊಂಡ. ಅನಿಲಕುಮಾರನಿಗೆ ಇವರು ಯಾರೆಂದು ಹೇಳುವುದು? ಪಾಲುದಾರರು? ಬಂದೂಕಿಗೆ ಪಾಲುದಾರ ಎಂದರೆ ಆ ಮಂದಿ ನಗುತ್ತಾರೆ, ಅದರಲ್ಲೂ ಇಂಥ ಪಾಲುದಾರ. ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದೂಕಿನ ಚಿತ್ರಗಳ ನಡುವೆ ಬೇರೆ ಮಾತುಗಳೂ ಬರುತ್ತಿದ್ದವು, ಯಾರಿಂದ ಏನು ಕೊಳ್ಳಬಾರದು, ಯಾರ ಅಂಗಡಿಯ ಮೆಟ್ಟಿಲು ಹತ್ತಬಾರದು ಎಂದು. ಅವನು ಅವಕ್ಕೆ ಹೆಬ್ಬೆರಳು ಒತ್ತಿರಲಿಲ್ಲ. ಒತ್ತಿಲ್ಲ ಎಂಬುದನ್ನೇ ಒಂದು ದೊಡ್ಡ ಧೈರ್ಯವೆಂದು ಇಟ್ಟುಕೊಂಡಿದ್ದ.

‘ಸೀರಿ ಯಾಕ ಸುತ್ತಿ ಇದಕ್ಕ? ತ್ಯಾವ ಹಿಡೀತೈತಿ’ ಎಂದ ಅಹ್ಮದಸಾಬ.

‘ಅವ್ವ ಕೊಟ್ಲು.’

‘ಹೂಂ.’ ಮುದುಕ ಸೆರಗಿನಿಂದ ಇಣುಕಿದ ನಳಿಗೆಯ ತುದಿ ಸವರಿದ. ‘ನಿಮ್ಮಪ್ಪ ಹ್ವಾದ ಮ್ಯಾಲ ಇದರ ಧ್ವನಿ ಕೇಳಿಲ್ಲ ನೋಡು ನಾ. ಇವತ್ತ ನಂದೊಂದು ಹೊಡೀತೇನಿ. ಒಂದ ಸಾಕು. ಎಡಗಡಿದು.’

‘ನೋಡೂಣು ಕಾಕಾ’ ಎಂದ ಸುನೀಲಕುಮಾರ. ನೋಡೂಣು ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಪರವಾನಿಗೆ ತನ್ನ ಹೆಸರಿಗೆ ಮಾಡಿಸುವಾಗ ಠಾಣೆಯಿಂದ ಒಬ್ಬ ಹವಾಲ್ದಾರ ಬೇವೂರಿಗೆ ವಿಚಾರಣೆಗೆ ಬಂದಿದ್ದ. ಈ ಬಂದೂಕಿನ ಮೇಲೆ ಬೇರೆ ಯಾರದಾದರೂ ಹಕ್ಕು ಇದೆಯೇ ಎಂದು ನೆರೆಯವರನ್ನು ಕೇಳಿದ. ಅಹ್ಮದಸಾಬ ಮುಂದೆ ಬಂದು, ‘ಯಾರ್ದೂ ಇಲ್ರಿ. ಅವರ್ದ ಐತ್ರಿ ಪೂರಾ’ ಎಂದ. ಹಾಗೆ ಹೇಳದಿದ್ದರೆ ಬಂದೂಕು ಠಾಣೆಯ ಕಪಾಟಿನಲ್ಲಿ ಕೊಳೆಯುತ್ತಿತ್ತು. ಹವಾಲ್ದಾರ ಹೋದ ಮೇಲೆ ಅವನು ಕಟ್ಟೆಯಿಂದ ಏಳಲಿಲ್ಲ, ಸುನೀಲಕುಮಾರನ ಬಾಯಿಂದ ಏನೋ ಬರುತ್ತದೆಂದು ಕೂತೇ ಇದ್ದ. ಸುನೀಲಕುಮಾರ ಚಹಾ ತರಿಸಿದ. ಚಹಾ ಕುಡಿದು ಮುದುಕ ಹೋದ. ಅದೇ ವಾರ ಬಂದೂಕು ನವನಗರದ ಗೋಡೆಗೆ ಬಂತು. ಆ ಮೇಲೆ ಸುನೀಲಕುಮಾರ ಪ್ರತಿ ಭಾನುವಾರ ಅದನ್ನು ಇಳಿಸಿ ಕಪಾಟಿಗೆ ಹಚ್ಚುವ ಪಾಲಿಶ್ ಹಚ್ಚಿ ಫಳಫಳ ಹೊಳೆಯುವ ಹಾಗೆ ಮಾಡುತ್ತಿದ್ದ. ಒಮ್ಮೊಮ್ಮೆ ಕಾಲೇಜಿನಿಂದ ಬಂದಾಗ ಮನೆಯಲ್ಲಿ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಅವ್ವನನ್ನು ಕೇಳಿದರೆ ಇರುವೆಗೆ ಹಾಕಿದ್ದು ಎನ್ನುತ್ತಿದ್ದಳು.

ಅವನು ಬಂದೂಕು ಹೊಡೆದದ್ದು ಒಂದೇ ಸಲ, ಮೀಸೆ ಮೂಡುವ ವಯಸ್ಸಿನಲ್ಲಿ. ಅಪ್ಪ ಹಳ್ಳದ ದಂಡೆಗೆ ನಿಲ್ಲಿಸಿ ಕೈಗೆ ಕೊಟ್ಟಿದ್ದ. ಇವನು ಕಣ್ಣು ಮುಚ್ಚಿ ಎಳೆದ, ಹಿಡಿ ಗದ್ದಕ್ಕೆ ಬಡಿದು ಹಿಂದಕ್ಕೆ ಕೂತುಬಿಟ್ಟ. ಅಪ್ಪ ನಗಲಿಲ್ಲ, ಸುಮ್ಮನೆ ಬಂದೂಕು ತೆಗೆದುಕೊಂಡ. ನಕ್ಕವನು ಅಹ್ಮದಸಾಬ. ‘ಕಣ್ಣ ಮುಚ್ಚಿ ಹೊಡದಿ ಅಂದ್ರ ಹಂದಿಗೂ ಗೊತ್ತಾಗಂಗಿಲ್ಲ, ನಿನಗೂ ಗೊತ್ತಾಗಂಗಿಲ್ಲ ತಮ್ಮಾ’ ಎಂದು ಕೈ ಹಿಡಿದು ಎಬ್ಬಿಸಿದ್ದ. ಎಬ್ಬಿಸಿದ ಕೈಯನ್ನು ಅವನು ಮರೆತಿದ್ದ, ನಗೆ ಮಾತ್ರ ಇವತ್ತಿನವರೆಗೂ ನೆನಪಿತ್ತು.

ಕ್ವಾರಿಯ ಕೆಂಪು ಕಲ್ಲಿನ ಗೋಡೆಗಳ ನಡುವೆ ಹಸಿರು ನೀರು ನಿಂತಿತ್ತು. ದಂಡೆಯ ಮೇಲೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಮೇಜಿನ ಮೇಲೆ ಸಾಲಾಗಿ ಮಲಗಿಸಿದ ಬಂದೂಕುಗಳು. ಎಲ್ಲವೂ ಹಳೆಯವು, ಎಲ್ಲವೂ ಜೋಡಿ ನಳಿಗೆಯವು. ಅನಿಲಕುಮಾರ ಕಪ್ಪು ಕನ್ನಡಕ ಹಾಕಿಕೊಂಡು ಎದ್ದು ಬಂದು ಕೈ ಕುಲುಕಿದ. ಅವನ ಹಿಂದೆ ನಿವೃತ್ತ ಡಿವೈಎಸ್‌ಪಿ ಸಾಹೇಬರು, ಇನ್ನಿಬ್ಬರು ಗುತ್ತಿಗೆದಾರರು. ‘ಬರ್ರಿ ಪ್ರೊಫೆಸರ್ರ, ನಿಮ್ಮ ಹಾದೀನ ಕಾಯಾಕತ್ತಿದ್ವಿ’ ಎಂದ. ಪ್ರೊಫೆಸರ್! ಸುನೀಲಕುಮಾರನ ಎದೆ ತುಂಬಿತು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಅಹ್ಮದಸಾಬ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದ.

‘ಇವ್ರು ಯಾರ್ರಿ?’

ಒಂದು ಗಳಿಗೆ ಎಲ್ಲರೂ ಅವನ ಬಾಯಿ ನೋಡಿದರು. ಅಹ್ಮದಸಾಬನೂ ನೋಡಿದ. ‘ನಮ್ಮ ಊರಾವ್ರು’ ಎಂದ ಸುನೀಲಕುಮಾರ. ಅಲ್ಲಿಗೇ ನಿಲ್ಲಿಸಬಹುದಿತ್ತು. ‘ನಮ್ಮ ತಂದಿಯವರ ಕಾಲದಿಂದ ಬಂದೂಕ ಒರಸೂದು ತೊಳಿಯೂದು ಇವರ ನೋಡ್ಕೊಂತ ಬಂದಾರ.’ ಒಂದೊಂದು ಮಾತೂ ಖರೆಯೇ, ಒಟ್ಟು ಮಾತ್ರ ಸುಳ್ಳು. ಎಷ್ಟು ಸಲೀಸಾಗಿ ಬಂತು ಅದು ಎಂದು ಅವನಿಗೇ ಆಶ್ಚರ್ಯವಾಯಿತು. ದಾರಿಯುದ್ದಕ್ಕೂ ಹುಡುಕಿದರೂ ಸಿಗದ ಮಾತು ಬಾಯಿಯಲ್ಲಿ ಸಿದ್ಧವಾಗಿ ಕೂತಿತ್ತು.

‘ಭಾಳ ಚಲೋ ಆತು. ಮುತ್ಯಾ, ಹಂಗಂದ್ರ ನಮ್ಮವೂ ಒಂದೀಟು ಒರಸಿ ಕೊಡು’ ಎಂದು ಅನಿಲಕುಮಾರ ಮೇಜಿನ ಕಡೆ ಕೈ ತೋರಿಸಿದ.

ಅಹ್ಮದಸಾಬ ಬಂದೂಕನ್ನು ಸೀರೆಯ ಸಮೇತ ಮೇಜಿನ ಮೇಲಿಟ್ಟ. ‘ಮಂದಿ ಬಂದೂಕ ನಾ ಮುಟ್ಟಂಗಿಲ್ರಿ’ ಎಂದು ಹೇಳಿ ದೂರ ಹೋಗಿ ಒಂದು ಕಲ್ಲಿನ ಮೇಲೆ ಕೂತ.

‘ಸೊಕ್ಕ ಐತಿ ಮುತ್ಯಾಗ’ ಎಂದು ಅನಿಲಕುಮಾರ ನಕ್ಕ. ಎಲ್ಲರೂ ನಕ್ಕರು. ಸುನೀಲಕುಮಾರನೂ ನಕ್ಕ, ಸ್ವಲ್ಪ ತಡವಾಗಿ.

ಸಾಹೇಬರು ಸೀರೆ ಬಿಚ್ಚಿ ಬಂದೂಕನ್ನು ಕೈಗೆತ್ತಿಕೊಂಡರು. ಹಿಡಿಯ ಮೇಲೆ ಅಂಗೈ ಆಡಿಸಿದರು, ಎಲೆಬಳ್ಳಿಯನ್ನು ಉಗುರಿನಿಂದ ಮುಟ್ಟಿದರು. ‘ಎಂಥಾ ಸಾಮಾನ್ರೀ ಇದು! ನಿಮ್ಮ ಅಜ್ಜಾರು ರಸಿಕರಿದ್ದಿರಬೇಕು.’ ಸುನೀಲಕುಮಾರ ತಲೆ ತಗ್ಗಿಸಿ ಹೌದೆನ್ನುವ ಹಾಗೆ ನಿಂತ. ಜೋಳದ ಹೊಲದಲ್ಲಿ ಲಂಗೋಟಿಯಲ್ಲಿ ಓಡಾಡುತ್ತಿದ್ದ ಅಜ್ಜ ಒಂದು ಕ್ಷಣ ರೇಶಿಮೆ ರುಮಾಲು ಸುತ್ತಿಕೊಂಡು ವಾಡೆಯ ಮುಂದೆ ನಿಂತ. ಸಾಹೇಬರು ಬಂದೂಕು ಮುರಿದು ಆಕಾಶದ ಕಡೆ ಹಿಡಿದರು. ಹಿಡಿದವರು ಕೆಳಗಿಳಿಸಲಿಲ್ಲ. ಕಣ್ಣು ಬದಲಿಸಿ ಮತ್ತೆ ನೋಡಿದರು.

‘ಏನ್ರಿ ಇದು? ಒಂದ ಕಣ್ಣಿಗೆ ಮೋತಿಬಿಂದು ಆಗೇತಿ!’

ಬಂದೂಕು ಕೈಯಿಂದ ಕೈಗೆ ಹೋಯಿತು. ಎಲ್ಲರೂ ನೋಡಿ ಆದ ಮೇಲೆ ಕೊನೆಗೆ ಅವನ ಕೈಗೆ ಬಂತು. ಹಿಂದೆ ಅಪ್ಪ ಹಿಡಿಯುತ್ತಿದ್ದ ಹಾಗೆ ಎತ್ತಿ ನೋಡಿದ. ಎಡಗಡೆಯ ನಳಿಗೆಯ ಒಳಗೆ ಬೆಳಕು ಸುತ್ತುಸುತ್ತಾಗಿ ನಿಂತಿತ್ತು, ತುದಿಯಲ್ಲಿ ಬಿಸಿಲು, ನೀಲಿ ಆಕಾಶದ ಒಂದು ಚೂರು. ಬಲಗಡೆಯದರಲ್ಲಿ ಕಂದು ಕತ್ತಲೆ. ತುಕ್ಕು ಹಿಡಿದು ಹುಳು ತಿಂದ ಹಾಗೆ ಗುಳಿಗಳು, ನಡುವೆ ಜೇಡನ ಬಲೆಯಂಥದ್ದೇನೋ. ಅದು ತನ್ನ ಮನೆಯ ನಳಿಗೆ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಎರಡು ವರ್ಷದಿಂದ ಹೊರಗೆ ಪಾಲಿಶ್ ಹಚ್ಚಿದವನು ಒಮ್ಮೆಯೂ ಒಳಗೆ ನೋಡಿರಲಿಲ್ಲ. ಹಾಗಾದರೆ ಎಡಗಡೆಯದು ಇಷ್ಟು ಹೊಳೆಯುವುದು ಹೇಗೆ? ಸೀಮೆಎಣ್ಣೆಯ ವಾಸನೆ ನೆನಪಾಯಿತು. ಅವ್ವನ ಇರುವೆಗಳು ನೆನಪಾದವು. ಅವನು ಬಂದೂಕಿನಿಂದ ಕಣ್ಣು ತೆಗೆಯಲಿಲ್ಲ, ತೆಗೆದರೆ ಕಲ್ಲಿನ ಮೇಲೆ ಕೂತವನನ್ನು ನೋಡಬೇಕಾಗುತ್ತಿತ್ತು.

‘ಬಲಗಡಿದು ಮುಗಿದ್ಹೋತು. ಅದರಾಗ ತೋಟಾ ಹಾಕಬ್ಯಾಡ್ರಿ, ಒಡದು ಕೈ ಹೊಕ್ಕೈತಿ’ ಎಂದರು ಸಾಹೇಬರು. ‘ಎಡಗಡಿದು ಕನ್ನಡಿ ಇದ್ದಂಗ ಐತಿ. ಒಂದ ತೊಳದು ಒಂದ ಬಿಟ್ಟಾನಲ್ಲ, ಯಾವ ಶಾಣ್ಯಾನ ಕೆಲಸ ಇದು?’

ಅನಿಲಕುಮಾರ ಕಲ್ಲಿನ ಕಡೆ ತಿರುಗಿ ಕೂಗಿದ. ‘ಏನ್ ಮುತ್ಯಾ, ಅರ್ಧಾ ಕೆಲಸ ಮಾಡಿ ಪಗಾರ ಪೂರ್ತಿ ತಗೋತಿ ಏನ?’

ನಗೆ ಕ್ವಾರಿಯ ಗೋಡೆಗೆ ಬಡಿದು ತಿರುಗಿ ಬಂತು. ಅಹ್ಮದಸಾಬ ಎದ್ದು ನಿಂತ. ಅವನು ಅನಿಲಕುಮಾರನನ್ನು ನೋಡಲಿಲ್ಲ, ಸುನೀಲಕುಮಾರನನ್ನು ನೋಡಿದ. ಹವಾಲ್ದಾರ ಹೋದ ದಿನ ಕಟ್ಟೆಯ ಮೇಲೆ ಕೂತು ನೋಡಿದ್ದ ಹಾಗೆಯೇ, ಕಾಯುತ್ತ. ಅರ್ಧ ಅವರದು, ಅವರ ಅರ್ಧ ಅವರು ತೊಳೆದಿದ್ದಾರೆ, ನಮ್ಮ ಅರ್ಧ ನಾನು ತೊಳೆದಿಲ್ಲ. ಇಷ್ಟೇ ಹೇಳಬೇಕಾಗಿತ್ತು. ಒಂದು ವಾಕ್ಯ. ತರಗತಿಯಲ್ಲಿ ಇದಕ್ಕಿಂತ ಉದ್ದದ ವಾಕ್ಯಗಳನ್ನು ಅವನು ದಿನವೂ ಹೇಳುತ್ತಾನೆ. ಸಾಹೇಬರ ಕೈಗಡಿಯಾರ, ಮೇಜಿನ ಮೇಲಿನ ಬಿಸ್ಲೇರಿ ಬಾಟಲಿಗಳು, ಅವುಗಳ ಮೈಮೇಲಿನ ಬೆವರು, ಎಲ್ಲ ಬಹಳ ಸ್ಪಷ್ಟವಾಗಿ ಕಂಡವು. ‘ವಯಸ್ಸಾತ್ರಿ ಅವರಿಗೆ’ ಎಂದ ಸುನೀಲಕುಮಾರ. ‘ಕಣ್ಣ ಸರಿ ಕಾಣಂಗಿಲ್ಲ.’

‘ಹೌದ್ರಿ ಸಾಹೇಬ್ರ’ ಎಂದ ಅಹ್ಮದಸಾಬ. ‘ತಪ್ಪಾತ್ರಿ.’

ಹೀಗೆ ಎಡ ನಳಿಗೆಯಿಂದಷ್ಟೇ ಹೊಡೆಯುವುದೆಂದು ನಿಶ್ಚಯವಾಯಿತು. ಒಬ್ಬ ಆಳು ಯಂತ್ರದ ಸನ್ನೆ ಎಳೆದ, ಮಣ್ಣಿನ ಬಿಲ್ಲೆ ನೀರಿನ ಮೇಲಿಂದ ಹಾರಿತು. ಎಡ ನಳಿಗೆಗೆ ಎರಡು ಟ್ರಿಗರ್‌ಗಳಲ್ಲಿ ಹಿಂದಿನದು. ಬೆರಳು ಅಲ್ಲಿಗೆ ಹೋಗುವಾಗ ತಮ್ಮ ಮನೆಯವರು ಯಾರೂ ಕೇಳದೆ ಇದನ್ನು ಮುಟ್ಟಿಲ್ಲ ಎಂದು ಸುನೀಲಕುಮಾರನಿಗೆ ಗೊತ್ತಿತ್ತು. ಕಣ್ಣು ತೆರೆದೇ ಎಳೆದ. ಬಿಲ್ಲೆ ಗಾಳಿಯಲ್ಲಿ ಪುಡಿಯಾಗಿ ಕಪ್ಪು ಹೊಗೆಯ ಚುಕ್ಕೆಯಾಯಿತು. ಸದ್ದು ಕ್ವಾರಿಯೊಳಗೆ ಸುತ್ತಿ ಸುತ್ತಿ ತಣ್ಣಗಾದ ಮೇಲೆ ಚಪ್ಪಾಳೆ ಕೇಳಿತು. ‘ವ್ಹಾ ಪ್ರೊಫೆಸರ್ರ!’ ಗದ್ದಕ್ಕೆ ಏನೂ ಆಗಿರಲಿಲ್ಲ. ಮತ್ತೊಂದು ಹೊಡೆದ, ಅದೂ ಬಿತ್ತು. ಆಮೇಲೆ ಅನಿಲಕುಮಾರ ಹೊಡೆದ, ಗುತ್ತಿಗೆದಾರರು ಹೊಡೆದರು, ಸಾಹೇಬರು ಹೊಡೆದು ‘ದೂರಂದು ಎಷ್ಟ ಚಂದ ಹಿಡಿತೈತ್ರಿ’ ಎಂದರು. ಬಂದೂಕಿನ ಒಂದೇ ಬಾಯಿ ಮತ್ತೆ ಮತ್ತೆ ಕೂಗಿತು.

ಊಟದ ಬುತ್ತಿ ಬಿಚ್ಚುವ ಹೊತ್ತಿಗೆ ಅಹ್ಮದಸಾಬ ಹತ್ತಿರ ಬಂದ. ಕೈಗಳನ್ನು ಅಂಗಿಗೆ ಒರೆಸಿಕೊಂಡ. ‘ಸುನೀಲಾ, ನಂದೊಂದು.’

‘ಏ ಮುತ್ಯಾ, ಭುಜಾ ಮುರಕೊಂಡಿ!’ ಎಂದ ಅನಿಲಕುಮಾರ.

‘ಪರವಾನಿಗಿ ಇಲ್ಲದವರ ಕೈಯಾಗ ಕೊಡಾಕ ಬರಂಗಿಲ್ರಿ’ ಎಂದರು ಸಾಹೇಬರು ಗಂಭೀರವಾಗಿ. ‘ಕಾಯ್ದೆ ಐತಿ.’ ಈಗಷ್ಟೇ ಆ ಬಂದೂಕಿನಿಂದ ಹೊಡೆದು ಬಂದವರು ಅವರು.

ಅಹ್ಮದಸಾಬ ಕಾಯ್ದೆಯ ಮಾತಿಗೆ ತಿರುಗಿ ನೋಡಲಿಲ್ಲ. ಸುನೀಲಕುಮಾರನ ಮುಂದೆ ಕೈ ಚಾಚಿಕೊಂಡೇ ನಿಂತಿದ್ದ. ಸುನೀಲಕುಮಾರನ ಬಲಗೈ ಕೋಟಿನ ಕಿಸೆಯಲ್ಲಿತ್ತು. ಬೆರಳುಗಳಿಗೆ ಎರಡು ತೋಟಾಗಳು ಸಿಕ್ಕವು, ಅವುಗಳ ಹಿತ್ತಾಳೆಯ ತಳ ಮೈಯ ಬಿಸಿಗೆ ಬೆಚ್ಚಗಾಗಿತ್ತು.

‘ತೋಟಾ ಮುಗದಾವು ಕಾಕಾ’ ಎಂದ.

ಮುದುಕ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದವನ ಹಾಗೆ ಅದರಿಂದ ಗಡ್ಡ ಸವರಿಕೊಂಡ.

ತಿರುಗಿ ಬರುವಾಗ ಅಹ್ಮದಸಾಬ ಮುಂದಿನ ಸೀಟಿನಲ್ಲಿ ಕೂತ. ಹುನಗುಂದ ದಾಟಿತು. ಹಿಂದಿನ ಸೀಟಿನಿಂದ ಸುಟ್ಟ ಮದ್ದಿನ ವಾಸನೆ ಬರುತ್ತಿತ್ತು. ಅನಿಲಕುಮಾರ ಬೀಳ್ಕೊಡುವಾಗ ಮುಂದಿನ ತಿಂಗಳು ಬಾದಾಮಿಯ ಹತ್ತಿರ ಸೇರೋಣ ಎಂದಿದ್ದ. ಆ ಮಾತನ್ನು ಸುನೀಲಕುಮಾರ ನಡುನಡುವೆ ಹೊರತೆಗೆದು ನೋಡಿಕೊಳ್ಳುತ್ತಿದ್ದ. ಪ್ರತಿ ಸಲ ನೋಡಿದಾಗಲೂ ಅದು ಸ್ವಲ್ಪ ಸ್ವಲ್ಪ ಮಾಸುತ್ತಿತ್ತು. ಕೊನೆಗೆ ಅದನ್ನು ಬಿಟ್ಟು, ತಪ್ಪನ್ನು ಎಲ್ಲಾದರೂ ಇಳಿಸಬೇಕಾದವನ ದನಿಯಲ್ಲಿ ಕೇಳಿದ:

‘ನೀ ನಮ್ಮ ಮನಿಗೆ ಬರ್ತಿದ್ದೇನು ಕಾಕಾ?’

‘ತಿಂಗಳಾ ದವಾಖಾನಿಗೆ ಬರ್ತೇನಲ್ಲ. ಹಂಗ ನಿಮ್ಮ ಮನಿಗೆ ಹೋಗ್ತಿದ್ನಿ. ನೀ ಸಾಲಿಗೆ ಹೋಗಿರ್ತಿದ್ದಿ. ನಿಮ್ಮವ್ವ, ವೈನಿ, ಚಾ ಮಾಡಿ ಕೊಡ್ತಿದ್ರು. ನಂದು ಒರಸ್ಕೊಂಡು ಬರ್ತಿದ್ನಿ.’

‘ಮತ್ತ ಬಲಗಡಿದು ಕಣ್ಣಿಗೆ ಬಿದ್ದಿಲ್ಲೇನು?’

‘ಬಿದ್ದೈತಿ. ಮೊದಲ ಒಂದ ಚುಕ್ಕಿ ಇತ್ತು, ಸಾಸಿವಿ ಕಾಳಿನಷ್ಟ. ಆಮ್ಯಾಲ ಬೆಳೀತು. ಎಲ್ಲಾ ನೋಡೇನಿ.’

‘ನೋಡಿ ಸುಮ್ನ ಕುಂತಿ?’ ಸುನೀಲಕುಮಾರನ ದನಿ ಏರಿತು. ಸಿಟ್ಟು ಬಂದದ್ದು ಅವನಿಗೆ ಒಳ್ಳೆಯದೇ ಆಯಿತು. ‘ಅಪ್ಪನ ನಳಿಗಿ ಅದು. ಒಂದ ಮಾತ ಹೇಳಾಕ ಬರ್ತಿದ್ದಿಲ್ಲೇನು? ಇಲ್ಲಾಂದ್ರ ಒಂದ ಕೈ ಒರಸಿದ್ರ ಏನ ಆಗ್ತಿತ್ತು?’

‘ವೈನೀನೂ ಹಂಗ ಅಂದ್ರು’ ಎಂದ ಅಹ್ಮದಸಾಬ. ‘ಹೇಳಿದ್ರ ನೀ ಏನಂತಿದ್ದಿ? ಕಾಕಾ, ಹೆಂಗೂ ಬರ್ತಿ, ಅದನ್ನೂ ಒರಸಿಬಿಡು ಅಂತಿದ್ದಿ. ಒರಸ್ತಿದ್ನಿ. ಆವಾಗ ನಾ ಖರೇನ ಒರಸಾಂವ ಆಗ್ತಿದ್ನಿ.’ ರಸ್ತೆ ನೋಡುತ್ತ ಮುಂದುವರಿಸಿದ. ‘ಒಂದ ದಿನ ಇವನ ತಗದು ನೋಡ್ತಾನ, ಕಾಕಾ ಇದೇನಾತು ಅಂತ ಊರಿಗೆ ಓಡಿ ಬರ್ತಾನ ಅಂತ ಮಾಡಿದ್ನಿ. ಕಾದ್ನಿ. ಆಮ್ಯಾಲ ಆಮ್ಯಾಲ, ಸುಳ್ಳ ಯಾಕ ಹೇಳ್ಲಿ, ಜಂಗ ಏರೂದು ನೋಡಿ ಒಳಗ ಸಂತೋಷಾನೂ ಆಗ್ತಿತ್ತು. ತಿಂದ್ಹೋಗ್ಲಿ ಅಂತಿದ್ನಿ. ಮನಿಗೆ ಹೋಗಿ ಶಂಕ್ರಪ್ಪನ್ನ ನೆನಸಿ ಊಟ ಬ್ಯಾಡಾಗ್ತಿತ್ತು. ನಂದೂ ಮನಸ ಚಲೋ ಇಲ್ಲ ತಮ್ಮಾ.’

ಮುದುಕನೂ ಕೆಟ್ಟವನು ಎಂದು ಗೊತ್ತಾದರೆ ತನಗೆ ಹಗುರಾಗುತ್ತದೆಂದು ಸುನೀಲಕುಮಾರ ತಿಳಿದಿದ್ದ, ಆಗಲಿಲ್ಲ.

ಬೇವೂರಿನಲ್ಲಿ ಕಾರು ನಿಂತಾಗ ಅಹ್ಮದಸಾಬ ಬಟ್ಟೆಯ ಚೀಲದಿಂದ ಗಜ ತೆಗೆದ. ಹಿತ್ತಾಳೆಯ ತುದಿ ಸವೆದು ಸಣ್ಣಗಾಗಿತ್ತು, ಅದಕ್ಕೆ ಲಾಡಬಿಯ ಓಢಣಿಯ ಹಸಿರು ಚೂರು ಸುತ್ತಿತ್ತು. ಅದನ್ನು ತಾನು ಎದ್ದ ಸೀಟಿನ ಮೇಲಿಟ್ಟ.

‘ಇದ್ಯಾಕ ಕಾಕಾ?’

‘ಹೊಡದಾವ್ರು ತೊಳೀಬೇಕು. ಇವತ್ತ ಎಡಗಡಿದು ನೀ ಹೊಡದಿ, ನಾ ಹೊಡದಿಲ್ಲ.’ ಬಾಗಿಲು ಹಿಡಿದು ನಿಂತ. ‘ಇನ್ನ ಎರಡೂ ನಿಂದ. ಆವತ್ತ ಹವಾಲ್ದಾರನ ಮುಂದ ಸುಳ್ಳ ಹೇಳಿದ್ನಲ್ಲ, ಅದು ಖರೆ ಆತು.’

‘ಕಾಕಾ, ಹಂಗಲ್ಲ...’

‘ಮತ್ತ ಆ ಕಿಸೆದಾಗಿನ ತೋಟಾ ತಗದಿಡು. ಮೈ ಬಿಸಿಗೆ ಕೆಡ್ತಾವು.’

ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಇಸ್ತ್ರಿಯ ಅಂಗಿ ಬೆನ್ನಿನಲ್ಲಿ ನೆರಿಗೆಯಾಗಿತ್ತು. ಮುದುಕ ಓಣಿಯೊಳಗೆ ತಿರುಗುವವರೆಗೂ ಸುನೀಲಕುಮಾರ ಕೂತು ನೋಡಿದ. ಎದೆಯಲ್ಲಿ ಏನೋ ಏಳುತ್ತಿತ್ತು. ಅದು ದುಃಖ ಎಂದುಕೊಂಡ, ದುಃಖವೇ ಆಗಿರಲಿ ಎಂದು ಕಾದ. ಆದರೆ ಮೊದಲು ಮೇಲೆ ಬಂದದ್ದು ಸಂತೋಷ. ಬಂದೂಕು ಪೂರ್ತಿ ತನ್ನದು. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ. ಆದರೆ ಯಾವುದು ಮೊದಲು ಬಂತು ಎಂಬುದನ್ನು ಅವನು ನೋಡಿಬಿಟ್ಟಿದ್ದ.

ಮನೆ ಮುಟ್ಟಿದಾಗ ಅವ್ವ ಹಿತ್ತಲ ಕಟ್ಟೆಯ ಮೇಲೆ ಎರಡು ತಂಬಿಗೆ ಕುದಿನೀರು ಇಟ್ಟಿದ್ದಳು. ಆವಿ ಏಳುತ್ತಿತ್ತು. ಅವನ ಹಿಂದೆ ಬಾಗಿಲಿನಲ್ಲಿ ಇನ್ನೊಬ್ಬರು ಬರುತ್ತಾರೆಂದು ನೋಡಿದಳು. ಆಮೇಲೆ ಅವನ ಕೈಯಲ್ಲಿದ್ದ ಗಜ ಕಂಡಳು, ಹಸಿರು ಓಢಣಿಯ ಚೂರು ಕಂಡಳು.

‘ಇದು ಅವಂದು. ನಿನ್ನ ಕೈಯಾಗ ಹೆಂಗ ಬಂತು?’

‘ಕೊಟ್ಟ.’

‘ತಾನ ಕೊಟ್ನೋ, ಕೊಡೂ ಹಂಗ ಮಾಡಿದ್ಯೋ?’

ಅವನು ಸೀರೆ ಬಿಚ್ಚಿ ಬಂದೂಕು ಮುರಿದು ಕಟ್ಟೆಯ ಮೇಲೆ ಆನಿಸಿದ. ಎಡ ನಳಿಗೆಯ ಬಾಯಿ ಮಸಿ ಹಿಡಿದು ಕಪ್ಪಗಾಗಿತ್ತು. ಈಗ ಎರಡರ ನಡುವೆ ಭೇದ ಕಾಣುತ್ತಿರಲಿಲ್ಲ. ಒಂದು ತಂಬಿಗೆ ಎತ್ತಿದ. ನೀರನ್ನು ಯಾವ ತುದಿಯಿಂದ ಸುರಿಯುವುದು, ಮೊದಲು ನೀರೋ ಸೀಮೆಎಣ್ಣೆಯೋ, ಚಿಂದಿ ಎಷ್ಟು ಬಿಗಿ ಇರಬೇಕು, ಯಾವುದೂ ಗೊತ್ತಿರಲಿಲ್ಲ. ಅಷ್ಟು ವರ್ಷ ಕಟ್ಟೆಯ ಹತ್ತಿರ ನಿಂತು ನೋಡಿದ್ದ, ಆದರೆ ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ತಂಬಿಗೆಯ ಬಿಸಿ ಕೈ ಸುಡುತ್ತಿತ್ತು.

‘ಹೆಂಗ ತೊಳೀಬೇಕವ್ವಾ ಇದನ್ನ?’

ಅವ್ವ ಎರಡನೆಯ ತಂಬಿಗೆಯನ್ನು ಎತ್ತಿ ನೀರನ್ನು ಬಚ್ಚಲಿಗೆ ಸುರಿದಳು.

‘ನನಗೇನ ಗೊತ್ತು’ ಎಂದಳು. ‘ಅಹ್ಮದಣ್ಣನ್ನ ಕೇಳು.’